ಅಕ್ಕ ಉಳಿಸಿದ ಪಾಯಿಂಟ್ ಎಂಟು

ನನ್ನ ಬಾಯಿ ಕೆಟ್ಟದ್ದು, ಕೈ ಅದಕ್ಕಿಂತ ಕೆಟ್ಟದ್ದು. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಕ್ಕನ ಬಗ್ಗೆ ಬರೆಯಲು ಕೂತರೆ ನನ್ನ ಮಾನವೂ ಸ್ವಲ್ಪ ಹೋಗುತ್ತದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಪ್ಲಾಸ್ಟಿಕ್ ಎರೆಯುವ ಉಕ್ಕಿನ ಅಚ್ಚುಗಳನ್ನು ಮಾಡುವ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಕಟರ್ ಉಕ್ಕನ್ನು ಯಾವ ದಾರಿಯಲ್ಲಿ ಕೊರೆಯಬೇಕೆಂದು ಪ್ರೋಗ್ರಾಂ ಬರೆಯುವವಳು. ಅದನ್ನು ಮೆಷಿನ್ನಿಗೆ ಹಾಕಿ ಓಡಿಸುವವನು ನಾನು.

ಹದಿನೈದು ವರ್ಷ ಅವಳು ಅರ ಹಿಡಿದು ಅಚ್ಚು ಉಜ್ಜಿದ್ದಳು. ನಲವತ್ತೆರಡರ ವಯಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಹಳೆಯ ಪ್ರೋಗ್ರಾಮರ್ ಪಕ್ಕ ಸ್ಟೂಲು ಹಾಕಿಕೊಂಡು ಕಂಪ್ಯೂಟರ್ ಕಲಿತಳು. ಭಾವ ದರ್ಜಿ. ಅವರದು ಎರಡೇ ಕೋಣೆಯ ಮನೆ, ಮುಂದಿನದರ ತುಂಬ ಹೊಲಿಗೆ ಯಂತ್ರ, ಚಿಂದಿ, ಅರ್ಧ ಹೊಲಿದ ಅಂಗಿಗಳು. "ಹಾಲು ಉಕ್ಕಿ ಒಲೆ ಆರಿದ್ರೂ ನಿಮ್ಮಕ್ಕನಿಗೆ ಗೊತ್ತಾಗಲ್ಲ ಕಣಯ್ಯ. ಅಲ್ಲೇ ನಿಂತು ಪದರ ಎಣಿಸ್ತಿರ್ತಾಳೆ" ಎಂದು ಭಾವ ನಗುತ್ತಿದ್ದ.

ಪದರವೇ ಅವಳ ವಿದ್ಯೆ. ಆ ಸಲ ಬಂದದ್ದು ಕನ್ನಡಕದ ಕಡ್ಡಿಯ ಅಚ್ಚು. ಬೆರಳಗಲದ ಕಾಲುವೆ, ಕಿವಿಯ ಹಿಂದೆ ಬಾಗುವ ಕಡೆ ಅದೂ ಬಾಗಿ ಆಳಕ್ಕಿಳಿಯುತ್ತದೆ. ಅಂಥ ಕಡೆ ಒಂದೇ ಸಲಕ್ಕೆ ಆಳಕ್ಕೆ ನುಗ್ಗಿದರೆ ಕಟರ್ ಮುರಿಯುತ್ತದೆ. ಅಕ್ಕ ಆ ಬಾಗಿನ ಆಕಾರವನ್ನೇ ಮೇಲಿನಿಂದ ಹಿಡಿದು, ಚಮಚದಲ್ಲಿ ಸೌತೆಕಾಯಿಯ ತಿರುಳು ಕೆರೆದ ಹಾಗೆ, ಒಂದೊಂದೇ ಪದರ ಇಳಿಸಿಕೊಂಡು ಬರುತ್ತಿದ್ದಳು. ಹದಿನಾಲ್ಕು ಪದರ. ಕೊನೆಗೆ ನುಣುಪು ಮಾಡಲೆಂದು ಕಾಲುವೆಯ ಗೋಡೆಗೆ ಒಂದಿಷ್ಟು ಉಕ್ಕನ್ನೂ ಉಳಿಸುತ್ತಿದ್ದಳು.

ಯಜಮಾನರಿಗೆ ಅದೇ ಸಿಟ್ಟು. "ನೋಡಮ್ಮ, ಹೊರಗಿನ ಆಫೀಸಿನವರು ಐದು ಪದರದಲ್ಲಿ ಮುಗಿಸ್ತಾರೆ. ಗೋಡೆಗೆ ಪಾಯಿಂಟ್ ಮೂರು ಮಿಲಿಮೀಟರ್ ಬಿಡ್ತಾರೆ. ನೀನು ಪಾಯಿಂಟ್ ಎಂಟು ಬಿಟ್ಟು ಅರ್ಧ ದಿನ ತಿಂತೀಯ. ಈ ಅಚ್ಚಲ್ಲೂ ತಕರಾರು ಬಂದ್ರೆ ಪ್ರೋಗ್ರಾಂ ಹೊರಗೆ ಕೊಡ್ತೀನಿ. ನೀನು ಪ್ಯಾಕಿಂಗಿಗೆ ಹೋಗು."

ನಾನು ಸುಮ್ಮನಿರಬಾರದೇ? "ಅಕ್ಕನ ಅಚ್ಚು ಆಗೋ ಹೊತ್ತಿಗೆ ಕನ್ನಡಕ ಹಾಕ್ಕೊಳ್ಳೋನ ಕಣ್ಣೇ ಸರಿಹೋಗಿರುತ್ತೆ ಸಾರ್" ಎಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಗುರುವಾರ ಒಂಬತ್ತನೇ ಪದರ ಓಡುತ್ತಿತ್ತು. ಆಮೆಯೇ ವಾಸಿ ಎನ್ನಿಸುವ ವೇಗ. ಮೆಷಿನ್ನಿನ ಮುಂದೆ ಒಂದು ನಾಬ್ ಇದೆ, ತಿರುಗಿಸಿದರೆ ಪ್ರೋಗ್ರಾಂ ಹೇಳಿದ್ದಕ್ಕಿಂತ ಜೋರಾಗಿ ಕಟರ್ ಓಡುತ್ತದೆ. ಮುಟ್ಟಬಾರದೆಂದು ಗೊತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ನೂರರಲ್ಲಿದ್ದುದನ್ನು ನೂರೈವತ್ತಕ್ಕೆ ತಿರುಗಿಸಿದೆ. ಬಾಗು ಬಂದ ಕಡೆ ಕಟರ್ ಕಿರುಚಿ, ಗೋಡೆಯನ್ನು ಕಚ್ಚಿ, ಟಕ್ಕೆಂದು ಮುರಿಯಿತು. ಯಾರಾದರೂ ಬರುವ ಮೊದಲೇ ನಾಬನ್ನು ನೂರಕ್ಕೆ ತಂದಿಟ್ಟೆ.

ಯಜಮಾನರು ಬಂದರು, ಮುರಿದ ತುಂಡು ನೋಡಿ "ಪ್ರೋಗ್ರಾಮೇ ಸರಿ ಇಲ್ಲ" ಎಂದರು. ನಾನು ಬಗ್ಗಿ ಉಕ್ಕಿನ ಚೂರು ಗುಡಿಸತೊಡಗಿದೆ. ಅಕ್ಕ ಬಂದು ಕಾಲುವೆಯೊಳಗೆ ಬೆರಳಾಡಿಸಿದಳು, ನಾಬ್ ನೋಡಿದಳು, ನನ್ನ ಮುಖ ನೋಡಿದಳು. "ಅಳೆದು ನೋಡಿ" ಎಂದಳು, ಅಷ್ಟೇ. ಗಾಯದ ಆಳ ಪಾಯಿಂಟ್ ಐದು. ಅವಳು ಉಳಿಸಿದ್ದು ಎಂಟು. ಕೊನೆಯ ನುಣುಪಿನಲ್ಲಿ ಗಾಯ ಅಳಿಸಿಹೋಗುತ್ತದೆ, ಅಚ್ಚು ಉಳಿಯಿತು.

"ಅಚ್ಚು ಉಳೀತು, ಸರಿ. ಕಟರ್ ಯಾಕೆ ಮುರೀತು? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲ, ಅದಕ್ಕೇ ಅಷ್ಟು ಉಕ್ಕು ಬಿಡ್ತೀಯ. ಸೋಮವಾರದಿಂದ ಪ್ಯಾಕಿಂಗ್" ಎಂದು ಯಜಮಾನರು ಹೊರಟುಹೋದರು.

ಅಕ್ಕ ಮಹಡಿಯ ಮೇಲಿನ ತನ್ನ ಕಂಪ್ಯೂಟರ್ ಕೋಣೆಗೆ ಹೋದಳು. ಬಾಲ ಸುಟ್ಟ ಬೆಕ್ಕಿನ ಹಾಗೆ ನಾನೂ ಹಿಂದೆ ಹೋದೆ.

"ಅಕ್ಕ, ನಿಂಗೆ ಗೊತ್ತಾಯ್ತಲ್ಲ. ಯಾಕೆ ಹೇಳಲಿಲ್ಲ?"

"ಏಳು ವರ್ಷದಿಂದ ಗೊತ್ತು" ಎಂದು ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಮುಗಳನ್ನು ತೆರೆದು ತೋರಿಸಿದಳು. ಪಕ್ಕದ ಮೆಷಿನ್ನಿನವನಿಗೆ ಪಾಯಿಂಟ್ ಮೂರು. ಮೂಲೆಯ ಮೆಷಿನ್ನಿನ ಅಜ್ಜನಿಗೆ ಪಾಯಿಂಟ್ ಎರಡು. ನನ್ನ ಹೆಸರಿನ ಮುಂದೆ ಮಾತ್ರ ಎಲ್ಲ ಕಡೆಯೂ ಎಂಟು.

"ನಿಮ್ಮ ಭಾವ ಅಂಗಿ ಹೊಲಿಯೋವಾಗ ಆಳು ನೋಡಿ ಒಳಗೆ ಬಟ್ಟೆ ಬಿಡ್ತಾರೆ. ನಾನು ನಿನ್ನ ಕೈ ನೋಡಿ ಉಕ್ಕು ಬಿಟ್ಟೆ. ಎಷ್ಟು ಸಲ ನಿನ್ನ ಕೆಲಸ ಉಳಿದಿದೆಯೋ ನಿಂಗೇ ಗೊತ್ತಿಲ್ಲ."

ಏಳು ವರ್ಷ ಅವಳು ನಿಧಾನಗಾತಿ ಅನ್ನಿಸಿಕೊಂಡದ್ದು ನನ್ನಿಂದ. ನಗಿಸಿದವನೂ ನಾನೇ. ನೆಟ್ಟಗೆ ಯಜಮಾನರ ಕೋಣೆಗೆ ಹೋಗಿ, ನಾಬ್ ತಿರುಗಿಸಿದ್ದು, ವಾಪಸ್ ಇಟ್ಟಿದ್ದು, ಎಂಟರ ಕಥೆ, ಎಲ್ಲ ಹೇಳಿದೆ.

ಅವರು ಅಕ್ಕನನ್ನು ಕರೆಸಿದರು. "ನೀನು ನಿನ್ನ ಕುರ್ಚೀಲೇ ಇರಮ್ಮ" ಎಂದರು. ನನ್ನ ಕಡೆ ತಿರುಗಿ, "ಪ್ಯಾಕಿಂಗಿಗೆ ನೀನು ಹೋಗು. ಆ ಮೆಷಿನ್ನಿಗೆ ಬೇರೆಯವನನ್ನ ಹಾಕ್ತೀನಿ."

ಹೊರಗೆ ಬಂದ ಮೇಲೆ ಅಕ್ಕ ನನ್ನ ಮೇಲೆ ರೇಗಿದಳು. ಅವಳು ರೇಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಾರು ಹೇಳು ಅಂದಿದ್ರು ನಿಂಗೆ? ನಿನ್ನ ಕೈ ಏಳು ವರ್ಷದಿಂದ ನಂಗೆ ಗೊತ್ತು. ಈಗ ಬರೋ ಹೊಸಬನಿಗೆ ನಾನು ಎಷ್ಟು ಬಿಡ್ಲಿ?"