ಬಾಗಿಲ ಹಿಂದಿನ ಚೊಂಬು

ಜಯನಗರ ಏಳನೇ ಬ್ಲಾಕಿನ ಕಾತ್ಯಾಯಿನಿಯ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಗೆ ಹೊರಟರೆ ಒಂದು ಪದ್ಧತಿ ಉಂಟು. ಹೊಸ್ತಿಲ ಒಳಗಡೆ ತಾಮ್ರದ ಚೊಂಬಿನ ತುಂಬ ನೀರಿಟ್ಟು ತಟ್ಟೆ ಮುಚ್ಚಬೇಕು. ಬೀಗ ಹಾಕಿದ ಮೇಲೆ ಮುಚ್ಚಿದ ಬಾಗಿಲಿಗೇ, "ಬೇಗ ಬರ್ತೀವಿ, ನೀರು ಹತ್ರಾನೇ ಇದೆ" ಎಂದು ಹೇಳಿ ಮೆಟ್ಟಿಲಿಳಿಯಬೇಕು. ವಾಪಸು ಬಂದವರು ಆ ನೀರನ್ನು ಕುಡಿಯುವಂತಿಲ್ಲ, ತುಳಸಿಗೆ ಸುರಿಯಬೇಕು. ಯಾಕೆಂದು ಕೇಳಿದರೆ, ಅಮ್ಮ ಮಾಡುತ್ತಿದ್ದಳು, ಅಮ್ಮನಿಗೆ ಅಜ್ಜಿ ಹೇಳಿಕೊಟ್ಟಿದ್ದಳು, ಅಷ್ಟೆ.

ಗಂಡ ಜಯಸಿಂಹನಿಗೆ ಆ ಚೊಂಬನ್ನು ಕಂಡರಾಗದು. ಬಾಗಿಲು ತೆರೆದ ಕೂಡಲೇ ಅದನ್ನು ಒದ್ದು ಹಜಾರವೆಲ್ಲ ನೀರು ಮಾಡಿಕೊಂಡು, ಒರೆಸುವ ಬಟ್ಟೆ ಹುಡುಕುತ್ತಾ ಗೊಣಗುವುದು ಅವನಿಗೂ ಒಂದು ಪದ್ಧತಿಯೇ ಆಗಿಹೋಗಿತ್ತು. ಒದೆಯದ ದಿನಗಳಲ್ಲಿ ನೀರು ಬೆರಳಷ್ಟು ಇಳಿದಿರುತ್ತಿತ್ತು. ಆವಿಯಾಗಿರುತ್ತೆ ಬಿಡು ಎನ್ನುತ್ತಿದ್ದ. ತಟ್ಟೆ ಮುಚ್ಚಿದ ನೀರು ಆವಿಯಾಗಿ ಎಲ್ಲಿಗೆ ಹೋಗುತ್ತದೆ ಎಂದು ಕಾತ್ಯಾಯಿನಿ ಕೇಳಲಿಲ್ಲ. ಕೆಲವನ್ನು ಕೇಳದಿದ್ದರೇ ಸಂಸಾರ ಸುಸೂತ್ರವಾಗಿ ಸಾಗುತ್ತದೆ.

ಅವಳು ನಕ್ಷೆ ಬರೆಯುವವಳು. ಬಡಾವಣೆಗಳ ರಸ್ತೆ, ಮೋರಿ, ಸೈಟುಗಳನ್ನು ಕಚೇರಿಯೊಂದರಲ್ಲಿ ಕಪ್ಪು ಶಾಯಿಯಲ್ಲಿ ಬರೆದು ಬರೆದು ನಿವೃತ್ತಳಾದಳು. ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂದು, ಅವಳ ಓರೆ ಮೇಜು ಉಗ್ರಾಣ ಸೇರಿತು. ಕೈ ಮಾತ್ರ ಸುಮ್ಮನಿರಲೊಲ್ಲದು. ಮನೆಯಲ್ಲಿ ದಪ್ಪ ಬಟ್ಟೆಯ ಮೇಲೆ ಹಳೆಯ ಬೆಂಗಳೂರಿನ ನಕ್ಷೆ ಬರೆದು, ಅದರ ಮೇಲೆ ಕವಡೆ ಹಾಕಿ ಆಡುವ ಆಟಗಳನ್ನು ಕಟ್ಟತೊಡಗಿದಳು. ಮೊದಲನೆಯದು ಕೋಟೆಯ ಮುತ್ತಿಗೆ. ಶಾಲೆಯಲ್ಲಿ ಚರಿತ್ರೆಯ ಪಾಠಕ್ಕೆ ತೂಕಡಿಸಿದವರೆಲ್ಲ ಭಾನುವಾರ ಅವಳ ಮನೆಯ ಹಜಾರದಲ್ಲಿ ಚಕ್ಕಳಮಕ್ಕಳ ಕೂತು ಒಂದು ಕೋಟೆ ಬಾಗಿಲಿಗಾಗಿ ಜಗಳವಾಡಿದರು. ಅವಳಿಗೆ ಅದಕ್ಕಿಂತ ಸುಖ ಬೇರೆ ಬೇಕಿರಲಿಲ್ಲ.

ಎರಡನೆಯದು ಪ್ಲೇಗಿನ ಆಟ. ಇದನ್ನು ಅವಳು ಹೆಮ್ಮೆಗಾಗಿ ಕಟ್ಟಿದಳು. ನೂರಿಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿಗೆ ಪ್ಲೇಗು ಬಂದಾಗ ಅವಳ ಮುತ್ತಜ್ಜಿ ಕೈಗೂಸನ್ನು ಕಂಕುಳಲ್ಲಿಟ್ಟುಕೊಂಡು, ಇಡೀ ಸಂಸಾರವನ್ನು ಬಳೇಪೇಟೆಯಿಂದ ಊರಾಚೆಯ ಬಯಲಿಗೆ ದಾಟಿಸಿದಳಂತೆ. ಒಂದು ಜೀವವೂ ಹೋಗಲಿಲ್ಲವಂತೆ. ಮದುವೆ ಮುಂಜಿಗಳಲ್ಲಿ ಆ ಮಾತನ್ನು ಕೇಳುತ್ತಲೇ ಕಾತ್ಯಾಯಿನಿ ಬೆಳೆದವಳು. ಬುದ್ಧಿವಂತ ಹೆಂಗಸೊಬ್ಬಳು ಅದನ್ನು ಹೇಗೆ ಸಾಧಿಸಿದಳು ಎಂದು ಆಡಿ ತೋರಿಸಬೇಕು, ಇದೇ ಅವಳ ಹಟ.

ಆಟದ ನಿಯಮಗಳನ್ನು ಅವಳು ತಲೆಯಿಂದ ಹುಟ್ಟಿಸಲಿಲ್ಲ, ಆ ಕಾಲದ ವರದಿಗಳನ್ನು ಓದಿ ಎತ್ತಿಕೊಂಡಳು. ಒಂದೊಂದು ಸಂಸಾರಕ್ಕೆ ಒಂದು ಹಿಡಿ ಹುಣಿಸೆ ಬೀಜ, ಒಂದು ಬೀಜ ಅಂದರೆ ಒಂದು ಜೀವ. ಜ್ವರ ಬಂದ ಬೀಜಕ್ಕೆ ಸುಣ್ಣದ ಚುಕ್ಕೆ. ದಾರಿಯಲ್ಲಿ ತಪಾಸಣೆಯವರು ಚುಕ್ಕೆಯ ಬೀಜವನ್ನು ಕಂಡರೆ ಇಡೀ ಸಂಸಾರವನ್ನು ರೋಗಿಗಳ ಶಿಬಿರಕ್ಕೆ ಅಟ್ಟುತ್ತಾರೆ, ಅಲ್ಲಿಂದ ಮರಳುವವರು ಕಡಿಮೆ. ತಪ್ಪಿಸಿಕೊಂಡವರು ಕೊನೆಯ ಮನೆ ಮುಟ್ಟುತ್ತಾರೆ. ಅದು ಬಯಲಿನ ಗುಡಿಸಲು, ಈಗಿನ ಬಸವನಗುಡಿ.

ಎಷ್ಟು ಭಾನುವಾರ ಆಡಿದರೂ ಯಾರೂ ಎಲ್ಲರನ್ನೂ ದಾಟಿಸಲಿಲ್ಲ. ಜ್ವರ ಹೇಗೋ ಒಂದು ಬೀಜಕ್ಕೆ ತಗುಲುತ್ತಿತ್ತು, ಅದನ್ನು ಬಚ್ಚಿಟ್ಟುಕೊಂಡು ಹೊರಟ ಸಂಸಾರವೇ ಮುಳುಗುತ್ತಿತ್ತು. ಕಾತ್ಯಾಯಿನಿ ಒಬ್ಬಳೇ ಕೂತು ಹಗಲೆಲ್ಲ ಆಡಿದಳು. ಕವಡೆ ಬದಲಾಯಿಸಿದಳು, ದಾರಿ ಬದಲಾಯಿಸಿದಳು. ನಿಯಮ ಸಡಿಲಿಸಿದರೆ ಗೆಲ್ಲಬಹುದಿತ್ತು, ಆದರೆ ಆಗ ಅದು ಚರಿತ್ರೆಯಾಗಿ ಉಳಿಯುತ್ತಿರಲಿಲ್ಲ.

ಹುಬ್ಬಳ್ಳಿ ಕಡೆಯ ಶ್ವೇತಾ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಆಫೀಸಿಗೆ ಹೋಗುವ ಹುಡುಗಿ. ಗೆಳತಿಯೊಬ್ಬಳ ಜೊತೆ ಮೊದಲ ಸಲ ಆಡಲು ಬಂದಿದ್ದಳು. ಅವಳ ಪಾಲಿನ ಅತಿ ಸಣ್ಣ ಬೀಜಕ್ಕೆ ಚುಕ್ಕೆ ಬಿತ್ತು. ಬಹಳ ಹೊತ್ತು ಯೋಚಿಸಿ, ಅದನ್ನು ಬಳೇಪೇಟೆಯ ಮನೆಯಲ್ಲೇ ಬಿಟ್ಟು ಉಳಿದ ಬೀಜಗಳನ್ನು ಮುಂದೆ ಸರಿಸಿದಳು. ಅವು ತಪಾಸಣೆ ದಾಟಿದವು. ಮೊದಲ ಬಾರಿಗೆ ಒಂದು ಸಂಸಾರ ಕೊನೆಯ ಮನೆ ಮುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರೂ ಹುಡುಗಿಯ ಮುಖ ಅರಳಲಿಲ್ಲ.

"ಆಂಟಿ, ಸಣ್ಣ ಕೂಸನ್ನ ಸುಮ್ನ ಬಿಟ್ಟು ಹೋಗೂದು ಹೆಂಗ್ರಿ? ಒಂದು ತಂಬಿಗಿ ನೀರರ ಇಟ್ಟು ಹೋಗ್ತೇನ್ರಿ. ಹೊರಗಿಂದ ಕೀಲಿ ಹಾಕಿ, ಲಗೂನ ಬರ್ತೀವಿ ಅಂತ ಹೇಳ್ತೇನಿ. ಸುಳ್ಳಾದ್ರೂ ಹೇಳಬೇಕಲ್ರಿ."

ಕಾತ್ಯಾಯಿನಿಯ ಕೈಯಿಂದ ಕವಡೆ ಜಾರಿ ನೆಲದ ಮೇಲೆ ಉರುಳಿತು. ಎಲ್ಲರೂ ಹೋದ ಮೇಲೂ ಅವಳು ಆ ಬೀಜವನ್ನು ಬಟ್ಟೆಯ ಮೇಲಿಂದ ಎತ್ತಲಾರದೆ ಕೂತಿದ್ದಳು.

ಮರುದಿನ ಜಯಸಿಂಹನೂ ಹೊರಗೆ ಹೊರಟಾಗ, ಎಂದಿನಂತೆ ಚೊಂಬಿಟ್ಟು ಬೀಗ ಹಾಕಿ ಬನಶಂಕರಿಯ ಸೀತಾಲಕ್ಷ್ಮಿ ಚಿಕ್ಕಮ್ಮನ ಮನೆಗೆ ಹೋದಳು. ತಾಯಿಯ ಕಡೆ ಉಳಿದಿದ್ದ ಹಿರಿತಲೆ ಅವರೊಬ್ಬರೇ. ಮುತ್ತಜ್ಜಿ ಎಲ್ಲರನ್ನೂ ಉಳಿಸಿದ್ದು ನಿಜವೇ ಎಂದು ನೇರವಾಗಿ ಕೇಳಿದಳು. ಚಿಕ್ಕಮ್ಮ ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು.

"ನಮ್ಮಮ್ಮ, ಅಂದ್ರೆ ನಿಮ್ಮಜ್ಜಿ, ಆ ಕಂಕುಳ ಕೂಸು. ಅವಳಿಗೆ ಅಕ್ಕ ಒಬ್ಬಳಿದ್ಲು ಕಣೆ, ಜ್ವರ ಬಂದಿತ್ತು. ದಾಟಿದವರನ್ನ ಮಾತ್ರ ಲೆಕ್ಕಕ್ಕೆ ಹಿಡಿದ್ರು, ಅವಳನ್ನ ಬಿಟ್ರು. ಹೆಸರು ನಮಗ್ಯಾರಿಗೂ ಹೇಳ್ಲಿಲ್ಲ. ಹೆಸರು ಗೊತ್ತಿದ್ರೆ ಯಾರಾದ್ರೂ ಕರೀತಾರೆ, ಕರೆದ್ರೆ ಬಂದ್ಬಿಡ್ತಾಳೆ ಅಂತ ಭಯ."

ವಾಪಸು ಬರುವಾಗ ಕಾತ್ಯಾಯಿನಿಗೆ ಮುತ್ತಜ್ಜಿಯ ಮೇಲೆ ಸಿಟ್ಟು ಬಂತು, ಆಮೇಲೆ ಅಯ್ಯೋ ಅನ್ನಿಸಿತು. ಕಂಕುಳಲ್ಲಿ ಕೂಸು, ಮುಂದೆ ತಪಾಸಣೆಯವರು. ಶ್ವೇತಾ ಮಾಡಿದ್ದನ್ನೇ ಅವಳೂ ಮಾಡಿದಳು. ಆದರೆ ಆಮೇಲಿನವರು ಮಾಡಿದ್ದೇನು? ಬಳೇಪೇಟೆಯ ಮನೆ ಯಾವಾಗಲೋ ಹೋಯಿತು. ಅಜ್ಜಿಯ ಮನೆ, ಅಮ್ಮನ ಮನೆ, ಈಗ ತನ್ನ ಮನೆ. ಪ್ರತಿ ಮನೆಯಲ್ಲೂ ಒಂದು ಮಗುವಿಗೆ ನೀರಿಟ್ಟು, ಸುಳ್ಳು ಹೇಳಿ, ಹೊರಗಿಂದ ಬೀಗ ಜಡಿಯುತ್ತಾ ಬಂದೆವಲ್ಲ ಎಂದುಕೊಳ್ಳುತ್ತಲೇ ಮನೆ ಮುಟ್ಟಿದಳು. ಬಾಗಿಲು ತೆರೆದು ಚೊಂಬಿನ ತಟ್ಟೆ ಎತ್ತಿದಳು. ನೀರು ಬೆರಳಷ್ಟು ಇಳಿದಿತ್ತು.

ಆ ವಾರವೇ ಬಸವನಗುಡಿಯ ಗಾಂಧಿಬಜಾರಿಗೆ ಹೂವು ಹಣ್ಣು ತರಲು ಗಂಡಹೆಂಡಿರು ಹೊರಟರು. ಜಯಸಿಂಹ ಕೆಳಗೆ ಆಟೊ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕಾತ್ಯಾಯಿನಿ ಚೊಂಬು ತುಂಬಿಟ್ಟು ಹೊರಗೆ ಬಂದಳು, ಆದರೆ ಬಾಗಿಲು ಎಳೆಯಲಿಲ್ಲ. ಒಳಗೆ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವಳಿಗೆ ಭಯವಾಯಿತು. ಭಯವಾದರೂ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತಳು.

"ಬಾ ಮಗು, ನೀನೂ ಬಾ. ಹೋಗೋಣ."

ಪುಟ್ಟ ಹೆಜ್ಜೆಗಳು ಹೊಸ್ತಿಲು ದಾಟುವಷ್ಟು ಹೊತ್ತು ಬಿಟ್ಟು ಬೀಗ ಹಾಕಿದಳು. ಆಟೊದಲ್ಲಿ ಜಯಸಿಂಹ, ಅಷ್ಟು ಜಾಗವಿದ್ದರೂ ಯಾಕೆ ಹೀಗೆ ಒತ್ತಿಕೊಂಡು ಕೂತೆ ಎಂದು ಕೇಳಿದ. ಅವಳು ಇನ್ನಷ್ಟು ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಬಸವನಗುಡಿ ಬಂದು ಇಳಿಯುವಾಗ, ಕೈ ಹಿಡಿದು ಇಳಿಸುವವಳಂತೆ ಒಂದು ಗಳಿಗೆ ಸೀಟಿನ ಕಡೆ ಕೈ ಚಾಚಿದಳು. ಬೆರಳುಗಳಿಗೆ ಬಿಸಿ ತಗುಲಿತು, ಜ್ವರದ ಬಿಸಿ. ಆಮೇಲೆ ಅದೂ ಇಲ್ಲವಾಯಿತು.

ಮನೆಗೆ ಬಂದು ತಟ್ಟೆ ಎತ್ತಿದರೆ ಚೊಂಬಿನ ನೀರು ಕಂಠದವರೆಗೂ ಇಟ್ಟ ಹಾಗೇ ಇತ್ತು. ಇವತ್ತು ಆವಿಯಾಗಿಲ್ಲ ನೋಡು ಎಂದ ಜಯಸಿಂಹ. ಕಾತ್ಯಾಯಿನಿ ಹೊಸ್ತಿಲಲ್ಲೇ ಕೂತು ಅತ್ತಳು.

ಮುಂದಿನ ಸಲ ಹೊರಡುವಾಗ ಆ ಜಯಸಿಂಹನೇ ನೆನಪಿಟ್ಟುಕೊಂಡು ಚೊಂಬು ತಂದುಕೊಟ್ಟ. ಬೇಡ ಎಂದಳು. ಬೀಗ ತಿರುಗಿಸಿ, ಅಭ್ಯಾಸಬಲದಿಂದ ಬಾಗಿಲ ಕಡೆ ಬಗ್ಗಿ ಬಾಯಿ ತೆರೆದಳು. ಹೇಳಿ ಹೋಗಲು ಒಳಗೆ ಯಾರೂ ಇರಲಿಲ್ಲ.