ಬಾವಿಯ ದಂಡೆಯಲ್ಲಿ ನಿಂತವಳು

ನನ್ನ ಮಗನನ್ನು ಬಾವಿಯಲ್ಲಿ ಮುಳುಗಿಸಿದವಳು ನಾನೇ. ಜನ ಈಜು ಕಲಿಸುವವರನ್ನು ಬೈದರು. ಅವರ ತಪ್ಪು ಏನೂ ಇರಲಿಲ್ಲ.

ಈ ಹಳೆಯ ಮಾತು ಈಗ ಯಾಕೆ ಬಂತೆಂದರೆ, ಮೊನ್ನೆ ಮೊಮ್ಮಗಳು ಫೋನಿನಲ್ಲಿ ಮುಖ ತೋರಿಸಿದಳು. ಗಂಡ, ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ರಜೆಗೆಂದು ಹಿಮದ ದೇಶಕ್ಕೆ ಹೋಗಿದ್ದಾಳೆ. ಅಲ್ಲಿ ಮಕ್ಕಳ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿ ಇಳಿಜಾರಿನಲ್ಲಿ ಜಾರಲು ಕಲಿಸುತ್ತಾರಂತೆ. ಅದಕ್ಕೆ ಸ್ಕೀಯಿಂಗ್ ಎಂದು ಹೆಸರು. ಅವಳು ಎರಡು ಕಡೆ ವಿಚಾರಿಸಿದ್ದಳು. ಒಂದು ಕಡೆ ತಾಯಿ ಪಕ್ಕದಲ್ಲೇ ನಿಲ್ಲಬಹುದು. ಇನ್ನೊಂದು ಕಡೆ ಬೇಲಿಯ ಹತ್ತಿರ ಮಕ್ಕಳನ್ನು ಒಪ್ಪಿಸಿ ಹೊರಟುಹೋಗಬೇಕು.

"ಆಯಿ, ಯಾವುದಕ್ಕ ಹಚ್ಚಲಿ?"

"ನೀ ಇರದ ಕಡೆ ಹಚ್ಚು."

"ನಿನಗ ಕರಳ ಇಲ್ಲೇನ? ಅಪ್ಪ ನಮಗ ಈಸು ಕಲಿಸುವಾಗೂ ನೀ ಒಂದಿನ ದಂಡಿಗೆ ಬರಲಿಲ್ಲ."

"ಕರಳ ಐತಿ. ಅದಕ್ಕ ಹೇಳಾಕತ್ತೇನಿ."

ಸಿಟ್ಟಿನಿಂದ ಫೋನ್ ಇಟ್ಟಳು. ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಮೆಂತ್ಯದ ಸೊಪ್ಪು ಅರ್ಧ ಸೋಸಿ ಎದ್ದುಬಿಡುತ್ತೇನೆ. ಬಾಗಿಲಿಗೆ ಹೋಗುತ್ತೇನೆ, ಯಾಕೆ ಹೋದೆನೆಂದು ತಿಳಿಯದೆ ತಿರುಗಿ ಬರುತ್ತೇನೆ.

ಅವಳ ಅಪ್ಪ ಗುರುವಿಗೆ ಆಗ ಆರು ವರ್ಷ. ನಾವೂ ರಜೆಗೆ ಪರದೇಶಕ್ಕೇ ಹೋಗಿದ್ದೆವು ಅನ್ನಿ. ಕರ್ನಾಟಕ ಒಂದಾಗಿರಲಿಲ್ಲ. ಹೂವಿನ ಹಿಪ್ಪರಗಿಯ ನಾವು ಮುಂಬಯಿ ಸರಕಾರದವರು. ಸಿಂದಗಿಯ ಆಚೆ ಇದ್ದ ಅಕ್ಕನ ಊರು ಹೈದರಾಬಾದಿನದು, ಮೊಗಲಾಯಿ ಎನ್ನುತ್ತಿದ್ದೆವು. ಹೋದದ್ದು ಮಾವಿನಹಣ್ಣು ತಿನ್ನಲಿಕ್ಕಲ್ಲ. ನಮ್ಮ ಹೊಲದ ಬಾವಿಗೆ ಕಟ್ಟೆ ಇರಲಿಲ್ಲ. ಎರಡು ಸಲ ಅದರ ಅಂಚಿನಿಂದ ಹುಡುಗನ ಅಂಗಿ ಹಿಡಿದು ಎಳೆದು ತಂದಿದ್ದೆ. ನನಗೆ ಈಜು ಬಾರದು, ಗಂಡನಿಗೂ ಬಾರದು. ಮಳೆಗಾಲದಲ್ಲಿ ಬಾವಿ ತುಂಬುವುದರೊಳಗೆ ಅವನು ಕಲಿಯಲೇಬೇಕಿತ್ತು.

ಆ ಊರಲ್ಲಿ ಕಲಿಸುವವರು ಇಬ್ಬರು. ಅಕ್ಕನ ಮೈದುನ ಹುಡುಗರನ್ನು ಎತ್ತಿ ಬಾವಿಗೆ ಒಗೆಯುತ್ತಿದ್ದ. ಕೈಕಾಲು ಬಡಿದವನು ಕಲಿತ. ಬಡಿಯದವನನ್ನು ಮೇಲೆ ತಂದು ಮತ್ತೆ ಒಗೆದ. ಇನ್ನೊಬ್ಬರು ಪಕ್ಕದ ತೋಟದ ಲಾಲಸಾಬ ಕಾಕಾ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೆಟ್ಟಿಲು ಮೆಟ್ಟಿಲಾಗಿ ನೀರಿಗೆ ಇಳಿಸುತ್ತಿದ್ದರು. ನಾನು ಎರಡೂ ಬಾವಿ ನೋಡಿ ಬಂದೆ. ಹಗ್ಗ ಜಗ್ಗಿದೆ, ಬುರುಡೆ ತಟ್ಟಿದೆ. ನನಗೆ ಗಂಡು ಹುಡುಕುವಾಗ ನಮ್ಮ ಮನೆಯವರು ಇಷ್ಟು ತಪಾಸು ಮಾಡಿರಲಿಲ್ಲ. ಕಾಕಾನೇ ಸರಿ ಎಂದೆ.

ಕಾಕಾ ನಕ್ಕರು. "ಎಲ್ಲಾ ನೋಡಿದಿ ತಂಗಿ, ಈಗ ನನ್ನದೊಂದ ಮಾತ ಕೇಳು. ನೀ ದಂಡಿಗೆ ಬರಬ್ಯಾಡ. ನೀ ಇದ್ರ ಹುಡುಗ ನೀರ ನೋಡೂದಿಲ್ಲ, ನಿನ್ನ ಮಾರಿ ನೋಡತಾನ."

"ಬರೂದಿಲ್ಲರಿ ಕಾಕಾ" ಎಂದೆ.

ದಿನಾ ಹೋದೆ. ಹೆಸರಿಗೆ ಬಟ್ಟೆ ಒಗೆಯುವುದು. ಹುಣಸೆಮರದ ಮರೆಯಲ್ಲಿ ಕೂತು ಇಣುಕುವುದು.

"ಆ ಕುಬಸ ಏನ ತಪ್ಪ ಮಾಡೇತಿ? ದಿನಾ ಬಡೀತಿಯಲ್ಲ!" ಎಂದು ಅಕ್ಕ ಚುಚ್ಚಿದಳು.

ಒಂಬತ್ತನೆಯ ದಿನ ಇಣುಕಿದಾಗ ಗುರುವಿನ ಬೆನ್ನ ಮೇಲೆ ಬುರುಡೆ ಇರಲಿಲ್ಲ. ಅವನು ನಡುಬಾವಿಯಲ್ಲಿದ್ದ. ನಡುವಿನ ಹಗ್ಗದ ಈಚೆ ತುದಿ ಮೆಟ್ಟಿಲ ಮೇಲೆ ಸುಮ್ಮನೆ ಬಿದ್ದಿತ್ತು, ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು.

ದಂಡೆಗೆ ಓಡಿ ಕಿರುಚಿದೆ. "ಗುರೂ, ಹಗ್ಗ ಬಿಟ್ಟಾರೋ!"

ಹುಡುಗ ತಿರುಗಿ ನನ್ನ ಮುಖ ನೋಡಿದ. ಅಲ್ಲಿಯವರೆಗೆ ಆಡುತ್ತಿದ್ದ ಕಾಲು ನಿಂತವು. ಕಲ್ಲಿನಂತೆ ಮುಳುಗಿದ. ಹಗ್ಗದ ತುದಿ ಅವನ ಹಿಂದೆ ಸರಸರನೆ ನೀರಿಗೆ ಹೋಯಿತು.

ಕಾಕಾ ರುಮಾಲಿನ ಸಮೇತ ಧುಮುಕಿ ಎತ್ತಿ ತಂದರು. ಹುಡುಗ ನೀರು ಕಾರಿಕೊಂಡು ಅತ್ತ. ಕಾಕಾ ನನ್ನನ್ನು ಬೈಯಲಿಲ್ಲ. "ಮೂರ ದಿನಾ ಆತು ತಂಗಿ, ನಾ ಹಗ್ಗ ಹಿಡಿದಿಲ್ಲ" ಎಂದರು, ಅಷ್ಟೇ.

ಮನೆಯಲ್ಲಿ ಮೈದುನ ಕಾಕಾನ ಮೇಲೆ ಹಾರಾಡಿದ. ಅಕ್ಕ ಅವನ ಬಾಯಿ ಮುಚ್ಚಿಸಿದಳು. "ಆ ಹಿರಿಯನ್ನ ಯಾಕ ಬೈತಿ? ಈಸೂ ಹುಡುಗನ್ನ ಮುಳುಗಿಸಿದಾಕಿ ಇಲ್ಲೇ ಕುಂತಾಳ."

ಸಂಜೆ ಗುರು ನನ್ನ ಸೆರಗು ಹಿಡಿದು ಬಿಡಲಿಲ್ಲ. "ನಾ ಬಾವಿಗೆ ಹೋಗೂದಿಲ್ಲವ್ವಾ. ನೀ ದಂಡಿಮ್ಯಾಲ ನಿಂತರಷ್ಟ ಹೋಗತೇನಿ."

ಆ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನಲ್ಲಿ ರೊಟ್ಟಿ ಕಲಸಿ ಅವನಿಗೆ ಉಣಿಸಿ, ಅವನ ಕೈಯನ್ನು ಕಾಕಾನ ಕೈಯಲ್ಲಿಟ್ಟು, ಮೊದಲ ಬಸ್ಸಿಗೆ ಒಬ್ಬಳೇ ಹೊರಟೆ. ಬಸ್ಸು ತಿರುಗುವವರೆಗೂ ಅವನು ಕೂಗುವುದು ಕೇಳಿಸಿತು. ಸಿಂದಗಿಯಲ್ಲಿ ಇಳಿದಾಗ ನಮ್ಮೂರಿನ ಬಸ್ಸು ಬಂದಿರಲಿಲ್ಲ. ಮೊಗಲಾಯಿಗೆ ವಾಪಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು.

"ಬರ್ತೀರೇನ್ರಿ ಅಕ್ಕಾರ?" ಎಂದ ಕಂಡಕ್ಟರ್.

ಒಂದು ಕಾಲು ಬಸ್ಸಿನೊಳಗೆ ಇಟ್ಟೆ. ತೆಗೆದೆ. ಅದು ಹೊರಟು, ಅದರ ಸದ್ದು ಅಡಗುವವರೆಗೂ ಆ ಕಡೆ ಬೆನ್ನು ಮಾಡಿ ನಿಂತೆ.