ಅಪ್ಪನ ಆಪರೇಷನ್‌ಗೆ ಮೊದಲು ವಕೀಲರು ಬೇಕೇ?

ಅಪ್ಪ ಊಟದ ತಾಟನ್ನು ಎಡಗೈಯಿಂದ ದೂರ ಸರಿಸಿದರು. ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ತಾಟಿನಲ್ಲಿ ಒಂದು ಅಗಳು ಬಿಟ್ಟರೂ ನಮ್ಮನ್ನು ಬೈದು ಬೆಳೆಸಿದ ಮನುಷ್ಯ!

ನಾನೇನೂ ಕೆಟ್ಟ ಮಾತು ಆಡಿರಲಿಲ್ಲ. "ಆಪರೇಷನ್ ಆಗೂದ್ರೊಳಗ ಒಬ್ಬ ವಕೀಲರನ್ನ ಕರಸಿ ಮೃತ್ಯುಪತ್ರ ಮಾಡಸೂಣಪ್ಪಾ" ಎಂದಿದ್ದೆ, ಅಷ್ಟೇ.

(ವಿಲ್ ಎನ್ನಬೇಕಿತ್ತು. ಬೈಪಾಸ್‌ಗೆ ಹೊರಟು ನಿಂತವರ ಮುಂದೆ ಮೃತ್ಯು ಎಂಬ ಶಬ್ದ! ನನ್ನ ಬುದ್ಧಿಗೆ ಏನನ್ನಬೇಕು?)

ಇದು ಹೋದ ಭಾನುವಾರದ ಮಾತು. ಕೊಲ್ಹಾಪುರದ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರೂ ಸೇರಿದ್ದೆವು. ಅಪ್ಪ ಮತ್ತು ತಂಗಿ ಶೈಲಾ ಗಡಹಿಂಗ್ಲಜದಿಂದ ಬಂದಿದ್ದರು. ತಮ್ಮ ಬಸು ಮತ್ತು ಅವನ ಹೆಂಡತಿ ಸುನಂದಾ ಇಚಲಕರಂಜಿಯಿಂದ. ಬಸುಗೆ ಅಲ್ಲಿ ಸ್ವಂತ ಪವರ್‌ಲೂಮ್ ಇದೆ. ನಮ್ಮನೆಯವರು ಮಾತ್ರ ಇರಲಿಲ್ಲ. ಅವರು ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಸೂಪರ್‌ವೈಸರ್. ಹೆಂಡತಿಯ ತವರಿನ ಪಂಚಾಯಿತಿ ಇದ್ದ ದಿನ ಅವರಿಗೆ ಓವರ್‌ಟೈಮ್ ತಪ್ಪದೆ ಸಿಗುತ್ತದೆ.

ಗುರುವಾರ ಅಪ್ಪನ ಎದೆಯ ಆಪರೇಷನ್. ಡಾಕ್ಟರು ನಗುನಗುತ್ತಲೇ "ವಯಸ್ಸಾಗಿದೆ, ರಿಸ್ಕ್ ಇದ್ದೇ ಇರುತ್ತದೆ" ಎಂದಿದ್ದರು. ಆ ನಗು ನನಗೆ ನಿದ್ದೆ ಕೊಟ್ಟಿರಲಿಲ್ಲ. ಅಪ್ಪನದಷ್ಟೇ ಚಿಂತೆಯಲ್ಲ. ಶೈಲಾಳದೂ.

ಶೈಲಾ ಗಂಡನ ಮನೆಯಲ್ಲಿ ಬಾಳಲಾಗದೆ ವಾಪಸು ಬಂದವಳು. ಅವ್ವ ಹೋದ ಮೇಲೆ ಅಪ್ಪನ ಜೊತೆ "ಇದ್ದಾಳೆ" ಎಂದು ನಾವೆಲ್ಲ ಹೇಳುತ್ತೇವೆ. ಇದ್ದಾಳೆಯೇ? ಹೊಲ ನಡೆಸುವವಳೇ ಅವಳು. ಯಾವ ಕಬ್ಬು ಕೂಳೆ ಬಿಡಬೇಕು, ಯಾವುದನ್ನು ಕಿತ್ತು ಹೊಸದು ನೆಡಬೇಕು, ಕರೆಂಟು ಬಂದಾಗ ಯಾರು ಓಡಿಹೋಗಿ ಮೋಟಾರು ಹಚ್ಚಬೇಕು, ಎಲ್ಲ ಅವಳೇ. ಅಪ್ಪ ಈಗೀಗ ಹೊಲಕ್ಕೆ ಹೋಗುವುದು ಬೇವಿನ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳಲು. ಆದರೆ ಹೊಲವೂ ಮನೆಯೂ ಅಪ್ಪನ ಹೆಸರಿನಲ್ಲಿವೆ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಇವಳು ಎಲ್ಲಿ ನಿಲ್ಲಬೇಕು?

ಅಪ್ಪನ ಬಳಿ ಇದಕ್ಕೆ ಉತ್ತರ ರೆಡಿ ಇತ್ತು. ನಮ್ಮ ಸೀಮೆಯ ಹಳೆಯ ಉತ್ತರ. ಹಕ್ಕಸೋಡ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತವರಿನ ಆಸ್ತಿಯಲ್ಲಿ ನಮಗೆ ಹಕ್ಕು ಬೇಡ ಎಂದು ಅಕ್ಕತಂಗಿಯರು ಬರೆದುಕೊಟ್ಟು, ಎಲ್ಲವನ್ನೂ ಅಣ್ಣತಮ್ಮಂದಿರಿಗೆ ಬಿಡುವುದಕ್ಕೆ ಹಕ್ಕಸೋಡ ಎನ್ನುತ್ತಾರೆ. ಸಹಿ ಮಾಡಿದವಳಿಗೆ ಒಂದು ಒಳ್ಳೆಯ ಸೀರೆ, ವರ್ಷಾ ವರ್ಷ ಪಂಚಮಿಗೆ ಕರೆ, ಊರ ತುಂಬ ಒಳ್ಳೆಯ ಹೆಸರು. ಸಹಿ ಮಾಡದವಳಿಗೆ? ತವರಿನ ಬಾಗಿಲು ಬಂದ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಹುಟ್ಟಿದಾಗಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಅದು ಗೊತ್ತು.

"ನೀವಿಬ್ಬರೂ ಈಗ ಹಕ್ಕಸೋಡ ಮಾಡಿ ಬಿಡ್ರಿ" ಎಂದರು ಅಪ್ಪ. "ಎಲ್ಲಾ ಬಸೂನ ಹೆಸರಿಗೆ ಆಗ್ಲಿ. ಜೀವ ಇರೂ ತನಕ ಶೈಲಾನ್ನ ನೋಡ್ಕೋತೀನಿ ಅಂತ ಅವಾ ದೇವರ ಮುಂದ ವಿಭೂತಿ ಮುಟ್ಟಿ ಮಾತ ಕೊಡ್ತಾನ. ವಕೀಲನ ಸಹಿ ಶಿಕ್ಕಾಕಿಂತ ಅದು ಸಣ್ಣದೇನು?"

"ಮಾತ ಸಣ್ಣದಂತ ಯಾರಂದ್ರಪ್ಪಾ? ಅದನ್ನ ಬರದ ಇಡೂಣ ಅಂದೆ."

"ವಕೀಲ ಹೊಸ್ತಲಾ ದಾಟಿ ಒಳಗ ಬಂದ್ರ ಮನಿ ಎರಡಾದಾಂಗ! ನಮ್ಮ ವಂಶದಾಗ ಒಬ್ಬರೂ ಕೋರ್ಟಿನ ಪಾಯರಿ ಹತ್ತಿಲ್ಲ."

ಬಸು ಕೈ ತೊಳೆಯದೆಯೇ ಎದ್ದು ನಿಂತ. "ಅಕ್ಕಾ, ಸೀದಾ ಹೇಳ. ನನ್ನ ಮ್ಯಾಲ ವಿಶ್ವಾಸ ಇಲ್ಲಂತ ಹೇಳ. ನಾ ಶೈಲಾನ್ನ ಬೀದಿಗೆ ಹಾಕಾವಾ ಅನಸ್ತೇನ ನಿನಗ?"

ಏನು ಹೇಳಲಿ? ಬಸು ಅಂಥವನಲ್ಲ. ಅಪ್ಪನ ಆ್ಯಂಜಿಯೋಗ್ರಫಿ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತವನು ಅವನು. ಶೈಲಾಳನ್ನು ಗಂಡನ ಮನೆಯಿಂದ ಕರೆತರಲು ಯಾರನ್ನೂ ಕೇಳದೆ ಜೀಪು ತೆಗೆದುಕೊಂಡು ಹೋದವನೂ ಅವನೇ. ಕೆಟ್ಟ ತಮ್ಮನಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಿತ್ತು! ಒಳ್ಳೆಯವರ ಮುಂದೆ ಕಾಗದ ಹಿಡಿಯುವುದು ಬಹಳ ಕಷ್ಟ.

"ಕೋರ್ಟ ಕಾಗದಾ ಮುಂದ ಹಿಡದ ಅಕ್ಕಾಗ ಪಂಚಮಿ ಸೀರಿ ಯಾವ ಮುಖಾ ಇಟಗೊಂಡ ಕೊಡ್ಲಿ ನಾ?" ಎಂದ ಬಸು. ಬೈಕಿನ ಕೀಲಿ ಕೈಗೆ ತೆಗೆದುಕೊಂಡೇಬಿಟ್ಟ.

ಅಷ್ಟರಲ್ಲಿ ಅಪ್ಪನ ಕೈ ಎದೆಗೆ ಹೋಯಿತು. ಬಸು ಕೀಲಿ ಬಿಸಾಕಿ ಓಡಿಬಂದ. ಅಪ್ಪ ಅಂಗಿಯ ಜೇಬಿನಲ್ಲಿ ಓದುವ ಚಾಳೀಸು ಹುಡುಕುತ್ತಿದ್ದರು.

ಯಾರಿಗೂ ನಗು ಬರಲಿಲ್ಲ.

ಒಂದು ವಿಷಯ ಹೇಳಿ. ಮಿಕ್ಸರ್ ಕೊಂಡರೆ ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳದೆ ನಾವು ಅಂಗಡಿ ಬಿಡುತ್ತೇವೆಯೇ? ಸಿಮ್ ಕಾರ್ಡಿಗೆ ಆಧಾರ್, ಫೋಟೋ, ಹೆಬ್ಬೆಟ್ಟು, ಎಲ್ಲ ಕೊಟ್ಟುಬರುತ್ತೇವೆ. ಅಪ್ಪ ಹಿಂದಿನ ವಾರ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಕಾಗದಕ್ಕೆ ಸಹಿ ಹಾಕಿದರು. ಜೀವಕ್ಕೆ ಅಪಾಯವಾದರೆ ನಾವು ಹೊಣೆಯಲ್ಲ ಎಂದು ಅದರಲ್ಲಿ ಬರೆದಿತ್ತು. ಎದೆ ಕೊಯ್ಯುವವರ ಕಾಗದವನ್ನು ಓದದೆಯೇ ಸಹಿ ಮಾಡಿದ ಅಪ್ಪ, ಮಗಳ ಸೂರಿನ ಕಾಗದ ಎಂದ ಕೂಡಲೇ ಮನೆ ಒಡೆಯಿತು ಎನ್ನುತ್ತಾರೆ. ಯಾಕೆ? ಪರರ ಜೊತೆ ಕಾಗದ ಮಾಡಿದರೆ ವ್ಯವಹಾರ, ನಮ್ಮವರ ಜೊತೆ ಮಾಡಿದರೆ ಅಪಮಾನ. ಇದು ನಮ್ಮ ಲೆಕ್ಕ. ಇದೇ ಲೆಕ್ಕದಲ್ಲಿ ಎಷ್ಟು ಮನೆಗಳು ಮುಳುಗಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನೆಲ್ಲ ನಾನು ಅಪ್ಪನಿಗೆ ಹೇಳಿದೆನೇ? ಇಲ್ಲ. ಅಂಕಣ ಬರೆಯುವಾಗ ಬರುವ ಧೈರ್ಯ ಅಪ್ಪನ ಎದುರು ಬರುವುದಿಲ್ಲ. ನಾನು ಹುಳಿ ಬಡಿಸಲು ಎದ್ದೆ.

ಆಗ ಮಾತಾಡಿದವಳು ಸುನಂದಾ. ಮಾವನ ಎದುರು ಆಕೆ ಸೆರಗು ಸರಿಮಾಡಿಕೊಳ್ಳುವುದು ಬಿಟ್ಟು ಬೇರೇನೂ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಮಾವಾರ, ವಕೀಲರನ್ನ ಕರಸ್ರಿ."

"ನೀ ಸುಮ್ನಿರ" ಎಂದ ಬಸು.

"ಇಷ್ಟ ವರ್ಷ ಸುಮ್ನ ಇದ್ದೇನಲ್ರಿ" ಎಂದಳು ಸುನಂದಾ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಮ್ಮ ತವರ ಅಕಿವಾಟದಾಗ ನಾನೂ ನಮ್ಮಣ್ಣಗ ಹಕ್ಕಸೋಡ ಮಾಡಿ ಕೊಟ್ಟೇನಿ. ತವರಮನಿ ಬಾಗಲಾ ನಿನಗ ಯಾವಾಗ್ಲೂ ತೆರದಿರತೈತಿ ಅಂತ ಅಣ್ಣ ಮಾತ ಕೊಟ್ಟಿದ್ದ. ಸುಳ್ಳ ಹೇಳ್ಬಾರ್ದು, ಇರೂ ತನಕ ನಡಸ್ಕೊಟ್ಟ. ಅಣ್ಣ ಹೋದಾ. ಹೋದ ಪಂಚಮಿಗೆ ಹೋಗಿದ್ದೆ. ಅಣ್ಣನ ಮಗಾ ಪಡಸಾಲ್ಯಾಗ ಕುರ್ಚಿ ಹಾಕಿದಾ. ಬರ್ರಿ ಆತ್ಯಾ, ಕುಂದರ್ರಿ, ಹೊಳ್ಳಿ ಯಾವ ಗಾಡಿಗೆ ಹೋಗ್ತೀರಿ ಅಂತ ಕೇಳಿದಾ. ಹುಟ್ಟಿದ ಮನ್ಯಾಗ ನನಗ ಕುರ್ಚಿ ಹಾಕ್ತಾರೇನ್ರಿ? ನಾ ಸೀದಾ ಅಡಗೀಮನಿಗೆ ಹೋಗಾಕಿ."

ಸುನಂದಾ ಮಾವನ ಕಡೆ ತಿರುಗಿದಳು.

"ನಿಮ್ಮ ಮಗಾ ಮಾತ ತಪ್ಪಂಗಿಲ್ರಿ ಮಾವಾರ, ನನಗ ಗೊತ್ತೈತಿ. ಆದ್ರ ಅವರ ಆದ ಮ್ಯಾಲ? ನನ್ನ ಹೊಟ್ಯಾಗ ಹುಟ್ಟಿದ ಮಕ್ಕಳು ಶೈಲಾಕ್ಕಗ ಕುರ್ಚಿ ಹಾಕೂದಿಲ್ಲ ಅಂತ ನಾನೂ ಹೇಳಾಕ ಬರೂದಿಲ್ಲ."

ಸ್ವಂತ ಮಕ್ಕಳ ಪಾಲು ಕಡಿಮೆಯಾಗುವ ಮಾತನ್ನು ಒಬ್ಬ ತಾಯಿ ಆಡುತ್ತಿದ್ದಳು. ಅಪ್ಪ ನನ್ನ ಕಡೆ ನೋಡದೆ, "ಕರೀ, ಯಾರ್ನ ಕರೀತಿ" ಎಂದರು.

ನಮ್ಮ ಕೆಳಗಿನ ಮಹಡಿಯಲ್ಲೇ ಒಬ್ಬ ವಕೀಲೆ ಇದ್ದಾರೆ. ಶಿರೋಳ ಕಡೆಯ ಜೈನರ ಮನೆಯ ಹೆಣ್ಣುಮಗಳು. ಕೋರ್ಟಿನಲ್ಲಿ ಮರಾಠಿ, ಮನೆಯಲ್ಲಿ ನಮ್ಮ ಹಾಗೆ ಕನ್ನಡ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವರು ಹಾಗೇ ಎದ್ದು ಬಂದರು. ಕರಿ ಕೋಟಿನ ಗಂಡಸನ್ನು ನಿರೀಕ್ಷಿಸಿದ್ದ ಅಪ್ಪನಿಗೆ ಸ್ವಲ್ಪ ಸಮಾಧಾನವಾಯಿತೋ ನಿರಾಶೆಯಾಯಿತೋ, ನನಗೆ ತಿಳಿಯಲಿಲ್ಲ.

"ಏನ ಮಾಡಬೇಕಂತ ಅದೀರಿ ಕಾಕಾ?"

"ಎರಡೂ ಹೆಣಮಕ್ಕಳ ಕಡಿಂದ ಹಕ್ಕಸೋಡ ಬರಸ್ಕೋಬೇಕಂತ ಇತ್ತು. ಈಗ ಸಣ್ಣಾಕಿಗೆ ಏನರ ಸ್ವಲ್ಪ ಕೊಡೂಣ ಅಂತಾರ ಇವರು. ಪಾಪ, ಆಕಿಗೆ ಯಾರಿಲ್ಲ."

"ಹೊಲಾ ನೀವ ತಗೊಂಡದ್ದೇನ್ರಿ?"

"ಇಲ್ಲವ್ವಾ, ನಮ್ಮಜ್ಜನ ಕಾಲದ್ದು."

"ಮನಿ?"

"ಮನಿ ನಾ ದುಡದ, ಜಾಗಾ ತಗೊಂಡ ಕಟ್ಟಿಸಿದ್ದು."

"ಹಂಗಾದ್ರ ಮನಿ ಪೂರಾ ನಿಮ್ಮದು. ಯಾರಿಗೆ ಬೇಕಾರ ಬರೀರಿ. ಹೊಲದಾಗ ನಿಮ್ಮ ಪಾಲಷ್ಟ ನಿಮ್ಮದು, ಕಾಕಾ. ಉಳದದ್ದು ಮೂರೂ ಮಕ್ಕಳದು. ಕಾಯ್ದೆನ ಹಂಗ ಐತಿ."

"ಹೆಣಮಕ್ಕಳದೂ?" ಎಂದ ಬಸು.

"ಹೆಣಮಕ್ಕಳದೂ. ಹಕ್ಕಸೋಡ ಬರಸ್ಕೋತೀನಿ ಅಂತೀರಲ್ರಿ, ಇಲ್ಲದ ಹಕ್ಕ ಯಾರರ ಬಿಡಾಕ ಬರತೈತೇನು? ಐತಿ ಅಂತ ಗೊತ್ತಿದ್ದ ಬಿಡಸಾಕತ್ತೀರಿ."

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದನ್ನು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೇನೆ. ಆದರೆ ಆ ಪೇಪರು ಗಡಹಿಂಗ್ಲಜದ ನಮ್ಮ ಹೊಲದ ಬಗ್ಗೆಯೂ ಬರೆದಿದೆ ಎಂದು ಹೊಳೆದೇ ಇರಲಿಲ್ಲ. ನಾನೂ ಶೈಲಾಳಿಗೆ ಏನಾದರೂ "ಕೊಡಿಸಲು" ಹೊರಟಿದ್ದೆ ತಾನೇ?

ಬಸು ನನ್ನ ಕಡೆ ತಿರುಗಿದ. "ಅಕ್ಕಾ, ನೀನೂ ತಗೋತೀಯೇನು?"

"ನನಗ್ಯಾಕೋ, ನಾ ಬಿಡ್ತೇನಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಎಲ್ಲರ ಮುಖವೂ ಅರಳುತ್ತಿತ್ತು, ನಾನು ದೊಡ್ಡ ಮನಸ್ಸಿನ ಅಕ್ಕ ಎನಿಸಿಕೊಳ್ಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಕೈಯೆಲ್ಲ ಹಿಟ್ಟು. ನನ್ನನ್ನೇ ನೋಡುತ್ತಿದ್ದಳು. ಆಗ ಅರ್ಥವಾಯಿತು. ನಾನು ಬಿಟ್ಟ ಗಳಿಗೆಯಿಂದ, ಬಿಡದ ಅವಳು ಆಸೆಬುರುಕಿ ಆಗುತ್ತಾಳೆ. ಅಕ್ಕನೇ ಬಿಟ್ಟಳು, ಇವಳಿಗೇನು ಧಾಡಿ ಎನ್ನುತ್ತದೆ ಇಡೀ ಬಳಗ.

"ಬಿಡಂಗಿಲ್ಲ" ಎಂದೆ.

ಬಸು ಬಾಲ್ಕನಿಗೆ ಹೋದ. ನಮಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ತಮ್ಮನನ್ನು ಇವತ್ತಿಗೆ ಕಳೆದುಕೊಂಡೆ ಎಂದೇ ಅಂದುಕೊಂಡೆ. ನನಗೆ ಅಳು ಬಂತು, ಅತ್ತೆ. ವಕೀಲೆಯ ಎದುರಿಗೇ ಅತ್ತೆ. ಅವರಿಗೆ ಇದೆಲ್ಲ ರೂಢಿ ಇರಬೇಕು, ಸುಮ್ಮನೆ ಚಹಾ ಕುಡಿಯುತ್ತಿದ್ದರು.

ಬಸು ಬಹಳ ಹೊತ್ತಿನ ಮೇಲೆ ಒಳಗೆ ಬಂದ. ಕಣ್ಣು ಕೆಂಪಾಗಿತ್ತು. "ಬರಸಪ್ಪಾ" ಎಂದ, "ಮನಿ ಶೈಲಾನ ಹೆಸರಿಗೆ ಬರಸ. ಹೊಲದಾಗ ನಿನ್ನ ಪಾಲ ನೀ ಹೆಂಗ ಅಂತಿ ಹಂಗ." ನನ್ನ ಜೊತೆ ಮಾತಾಡಲಿಲ್ಲ. ಇವತ್ತಿನವರೆಗೂ ಸರಿಯಾಗಿ ಮಾತಾಡಿಲ್ಲ. ಆಸ್ಪತ್ರೆಯಲ್ಲಿ ನನಗೂ ಚಹಾ ತಂದುಕೊಡುತ್ತಾನೆ, ಕಪ್ಪನ್ನು ಪಕ್ಕದ ಬೆಂಚಿನ ಮೇಲಿಟ್ಟು ಹೋಗುತ್ತಾನೆ. ಈ ಸಲದ ಪಂಚಮಿಗೆ ಕರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಕಾಗದಕ್ಕೆ ಖರ್ಚು ಇದ್ದೇ ಇರುತ್ತದೆ, ನನ್ನ ಪಾಲಿಗೆ ಇದು ಬಂತು.

ಸೋಮವಾರ ವಿಲ್ ತಯಾರಾಯಿತು. ಅಕ್ಕಪಕ್ಕದ ಫ್ಲ್ಯಾಟಿನ ಇಬ್ಬರು ಸಾಕ್ಷಿ ಹಾಕಿದರು. ಅಪ್ಪ ಪ್ರತಿ ಸಾಲನ್ನೂ ಓದಿಸಿ ಕೇಳಿ, ಚಾಳೀಸು ಹಾಕಿಕೊಂಡು ಸಹಿ ಮಾಡಿದರು. ಮನೆ ಎರಡಾಗಲಿಲ್ಲ. (ಬಿರುಕು ಬಿಟ್ಟಿದೆ, ಸುಳ್ಳು ಯಾಕೆ ಹೇಳಲಿ?) ಅಪ್ಪನ ಮುಖದಲ್ಲಿ ದೊಡ್ಡ ಭಾರ ಇಳಿಸಿದವರ ನಿರಾಳ ಕಾಣುತ್ತಿತ್ತು. ಶೈಲಾಳನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು, "ಇನ್ನ ನಿಂದೇನ ಚಿಂತಿ ಇಲ್ಲವ್ವಾ. ನಿನಗೊಂದು ನೆರಳ ಮಾಡಿ ಕೊಟ್ಟೆ" ಎಂದರು.

ನಾವೆಲ್ಲ ಕಣ್ಣೊರೆಸಿಕೊಂಡೆವು. ಶೈಲಾ ಒರೆಸಿಕೊಳ್ಳಲಿಲ್ಲ. ಭಾನುವಾರದಿಂದ ಆಕೆ ಈ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ನಾವ್ಯಾರೂ ಅವಳನ್ನು ಏನೂ ಕೇಳಿರಲೂ ಇಲ್ಲ.

"ಮನಿ ಕೊಟ್ಟಿ, ಪುಣ್ಯಾ ಬಂತಪ್ಪಾ ನಿನಗ" ಎಂದಳು ಮೆಲ್ಲಗೆ. "ಆದ್ರ ಹೊಲದಾಗ ನನ್ನ ಪಾಲ ಮೊದ್ಲಿಂದ ಇತ್ತಂದ್ರ, ಇಷ್ಟ ವರ್ಷ ಮಂದಿ ನನಗ 'ಗಂಡನ್ನ ಬಿಟ್ಟ ಬಂದ ತಂದಿ ಮನ್ಯಾಗ ಕೂಳಿಗೆ ಬಿದ್ದಾಳ' ಅಂದಾಗ, ನೀವ್ಯಾರೂ ಒಬ್ಬರರ ಯಾಕ ಅಲ್ಲ ಅನ್ಲಿಲ್ಲ?"

ನಾಳೆ ಆಪರೇಷನ್. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬಾಗಿಲ ಆಚೆ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಶೈಲಾಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಇದಕ್ಕೆ ಯಾವ ವಕೀಲರನ್ನು ಕರೆಸೋಣ, ನೀವೇ ಹೇಳಿ?